ಹೆಣ ಎದ್ದದ್ದು ಊರ ಸ್ಮಶಾನದಲ್ಲೇ

ಸಿನಿಮಾದ ಜೋಂಬಿ ಮೊದಮೊದಲು ದೂರದ ದೇಶದ ಭೂತ. 1932ರ 'ವೈಟ್ ಜೋಂಬಿ' ನಡೆಯುವುದು ಹೈಟಿ ದೇಶದಲ್ಲಿ. ಮಾಟಗಾರ ಎಬ್ಬಿಸಿದ ಹೆಣಗಳು ಸಕ್ಕರೆ ಗಿರಣಿಯಲ್ಲಿ ಜೀತ ಮಾಡುತ್ತವೆ. ಅಮೆರಿಕದ ಪ್ರೇಕ್ಷಕ ಬೆಚ್ಚಿಬಿದ್ದರೂ ಮನೆಗೆ ಬಂದು ನೆಮ್ಮದಿಯಾಗಿ ಮಲಗಬಹುದಿತ್ತು.

ಆ ನೆಮ್ಮದಿ ಕೆಡಿಸಿದವರಲ್ಲಿ ರಿಚರ್ಡ್ ಮ್ಯಾಥಿಸನ್ ಒಬ್ಬರು. 1954ರ ಅವರ 'ಐ ಆ್ಯಮ್ ಲೆಜೆಂಡ್' ಕಾದಂಬರಿಯಲ್ಲಿ ಇರುವವು ರಕ್ತಪಿಶಾಚಿಗಳು, ಆದರೆ ಜಾಗ ಲಾಸ್ ಏಂಜಲೀಸ್ ಕಡೆಯ ಮಾಮೂಲಿ ಬಡಾವಣೆ. ಕತ್ತಲಾದ ಕೂಡಲೇ ಪಕ್ಕದ ಮನೆಯವನೇ ಹೊರಗೆ ನಿಂತು ನಾಯಕನ ಹೆಸರು ಹಿಡಿದು ಕೂಗುತ್ತಾನೆ. ಒಂದು ಕಾಲಕ್ಕೆ ಇಬ್ಬರೂ ಜೊತೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು! ತೊಂಬತ್ತರ ದಶಕದಲ್ಲಿ ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ಕಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ದೆವ್ವವೂ ಮನೆಯವರ ದನಿಯಲ್ಲೇ ಕರೆಯುತ್ತಿತ್ತಂತೆ.

ಈ ಕಾದಂಬರಿಯಿಂದ ಎಳೆ ಹಿಡಿದವರು ಜಾರ್ಜ್ ರೊಮೆರೊ. ಪಿಟ್ಸ್‌ಬರ್ಗ್‌ನಲ್ಲಿ ಗೆಳೆಯರ ಜೊತೆ ಜಾಹೀರಾತು ಚಿತ್ರ ತೆಗೆಯುತ್ತಿದ್ದವರು 1967ರಲ್ಲಿ ಸಿನಿಮಾಕ್ಕೇ ಕೈಹಾಕಿದರು. ಒಟ್ಟು ಖರ್ಚು ಸುಮಾರು 1,14,000 ಡಾಲರ್. ಹಾಲಿವುಡ್‌ನವರಿಗೆ ಅದು ಚಿಲ್ಲರೆ ಕಾಸು. ಸೆಟ್ ಹಾಕುವ ಮಾತೇ ಇರಲಿಲ್ಲ. ಹತ್ತಿರದ ಇವಾನ್ಸ್ ಸಿಟಿಯ ಸ್ಮಶಾನ ಇತ್ತು, ಕೆಡವಲು ಬಿಟ್ಟಿದ್ದ ಒಂದು ಹಳೇ ತೋಟದ ಮನೆ ಸಿಕ್ಕಿತು, ಹೆಣವಾಗಲು ಆಸುಪಾಸಿನ ಜನರೇ ಬಂದರು. ಕಪ್ಪು–ಬಿಳುಪು ಚಿತ್ರವಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು.

ನನ್ನ ಮಟ್ಟಿಗೆ ಅಸಲಿ ಆವಿಷ್ಕಾರ ಸ್ಮಶಾನದ್ದಲ್ಲ, ಟಿ.ವಿ.ಯದು. ತೋಟದ ಮನೆಯಲ್ಲಿ ಸಿಕ್ಕಿಬಿದ್ದವರು ಟಿ.ವಿ. ಹಾಕುತ್ತಾರೆ. ವಾರ್ತೆ ಓದುವವನ ಮುಖದ ಕೆಳಗೆ ಎಲ್ಲೆಲ್ಲಿ ಆಶ್ರಯ ಸಿಗುತ್ತದೆ ಎಂಬ ಪಟ್ಟಿ ಸರಿಯುತ್ತದೆ: ಅದರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದ ಊರುಗಳ ಹೆಸರು. ಆಮೇಲೆ ಬಯಲಲ್ಲಿ ಮೈಕು ಹಿಡಿದು ಬರುವ ವರದಿಗಾರ ಬಿಲ್ ಕಾರ್ಡಿಲ್. ಅವರು ಪಾತ್ರಧಾರಿಯಲ್ಲ, ಪಿಟ್ಸ್‌ಬರ್ಗ್‌ನ 11ನೇ ಚಾನೆಲ್‌ನಲ್ಲಿ ದೆವ್ವದ ಸಿನಿಮಾ ತೋರಿಸುತ್ತ ಮನೆಮಾತಾಗಿದ್ದ ನಿರೂಪಕ. ಚಿತ್ರದಲ್ಲೂ ತಮ್ಮ ಹೆಸರಲ್ಲೇ ಬರುತ್ತಾರೆ. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನ ಫುಲ್ಟನ್ ಚಿತ್ರಮಂದಿರದಲ್ಲಿ ಕೂತು 'ನೈಟ್ ಆಫ್ ದಿ ಲಿವಿಂಗ್ ಡೆಡ್' ನೋಡಿದವರಿಗೆ ತಮ್ಮದೇ ಸೀಮೆ, ತಮ್ಮದೇ ಚಾನೆಲ್. ಭಯದ ಜೊತೆಗೆ 'ಅರೆ, ಇದು ನಮ್ಮೂರು' ಅನ್ನುವ ಕುಶಿ. ಇವೆರಡೂ ಒಟ್ಟಿಗೆ ಬಂದರೇ ಸೊಗಸು. ಬರೀ ಭಯ ಯಾವ ಕೋಟೆಯಲ್ಲಾದರೂ ಸಿಗುತ್ತದೆ.

ಈ ಚಿತ್ರ ಊರಾಚೆ ಹಬ್ಬಿದ್ದಕ್ಕೆ ಒಂದು ಎಡವಟ್ಟೂ ಕಾರಣ. ಬಿಡುಗಡೆಗೆ ಮುಂಚೆ ಹೆಸರು ಬದಲಾಯಿಸುವಾಗ ಹೊಸ ಶೀರ್ಷಿಕೆಯ ಜೊತೆ ಕಾಪಿರೈಟ್ ಸಾಲು ಸೇರಿಸುವುದನ್ನೇ ಮರೆತರು. ಆಗಿನ ಕಾನೂನಿನಂತೆ ಹಕ್ಕು ಹೋಯಿತು. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು, ತೋರಿಸಬಹುದು. ತೆಗೆದವರ ಜೇಬಿಗೆ ಕತ್ತರಿ ಬಿತ್ತು, ಹೆಣಗಳಿಗೆ ಲೋಕಸಂಚಾರ.

ಎರಡನೇ ಸಲ ರೊಮೆರೊಗೆ ಜಾಗವೇ ಕತೆ ಕೊಟ್ಟಿತು. ಎಪ್ಪತ್ತರ ದಶಕದಲ್ಲಿ ಪರಿಚಯದವರು ಊರ ಪಕ್ಕದ ಮನ್ರೊವಿಲ್ ಮಾಲ್ ಸುತ್ತಿಸುತ್ತ, ಗಿರಾಕಿಗಳ ಕಣ್ಣಿಗೆ ಬೀಳದ ಕೋಣೆಗಳನ್ನು ತೋರಿಸಿದರು. ಆಪತ್ತಿಗೆಂದು ಅಲ್ಲಿ ಸಾಮಾನು ಕೂಡಿಟ್ಟಿದ್ದರು. ಪ್ರಳಯ ಬಂದರೆ ಇಲ್ಲೇ ಸಂಸಾರ ಹೂಡಬಹುದಲ್ಲ ಎಂದು ಹೊಳೆದದ್ದೇ 1978ರ 'ಡಾನ್ ಆಫ್ ದಿ ಡೆಡ್' ಆಯಿತು. ಅಂಗಡಿಗಳು ಮುಚ್ಚಿದ ಮೇಲೆ ರಾತ್ರಿಯಿಡೀ ಚಿತ್ರೀಕರಣ, ಬೆಳಗಾದರೆ ಗಿರಾಕಿಗಳಿಗೆ ಜಾಗ ಬಿಡಬೇಕು.

ಮುಂದೆ ಹೆಣಗಳು 2004ರಲ್ಲಿ 'ಶಾನ್ ಆಫ್ ದಿ ಡೆಡ್' ಮೂಲಕ ಉತ್ತರ ಲಂಡನ್ನಿನ ಗಲ್ಲಿಗೆ ನುಗ್ಗಿದವು. 2021ರಲ್ಲಿ ತೆಲುಗಿನ 'ಜೋಂಬಿ ರೆಡ್ಡಿ' ಅವನ್ನು ಕರ್ನೂಲಿಗೇ ಕರೆತಂದಿತು. ರಾಯಚೂರು–ಬಳ್ಳಾರಿಯವರಿಗೆ ಅದು ಪಕ್ಕದ ಜಿಲ್ಲೆ. ಎರಡು ಮನೆತನಗಳ ನಡುವೆ ಮೊದಲೇ ಮಚ್ಚು ಝಳಪಿಸುತ್ತಿರುವ ಊರಿಗೆ ಜೋಂಬಿ ಬಂದರೆ, ಕಡಿಸಿಕೊಂಡವನು ಯಾವ ಕಡೆಯವನು ಎಂಬ ತಂಟೆಯೇ ಬೇರೆ.