ಒಬ್ಬ ದೊರೆಯ ಖಾಸಗಿ ನಾಡು

ಬೆಲ್ಜಿಯಮಿನ ದೊರೆ ಎರಡನೆಯ ಲಿಯೊಪೋಲ್ಡನು ಕಾಂಗೋ ನಾಡಿನಲ್ಲಿ ಒಮ್ಮೆಯೂ ಕಾಲಿಟ್ಟವನಲ್ಲ. ಆದರೂ ತನ್ನ ದೇಶಕ್ಕಿಂತ 70 ಪಟ್ಟಿಗೂ ಮಿಗಿಲಾದ ಆ ಭೂಭಾಗ 1885ರಿಂದ 1908ರವರೆಗೆ ಅವನ ಸ್ವಂತ ಆಸ್ತಿಯಾಗಿತ್ತು! ಗುಲಾಮರ ವ್ಯಾಪಾರವನ್ನು ಅಳಿಸುವೆನೆಂಬ ಧರ್ಮದ ಮಾತಿನಿಂದ ಅವನು ಯುರೋಪಿನ ಮನ್ನಣೆ ಗಳಿಸಿದ್ದನು.

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ಸೈಕಲ್ಲು, ಅನಂತರ ಮೋಟಾರು ಓಡತೊಡಗಿದಂತೆ ರಬ್ಬರಿಗೆ ಬೇಡಿಕೆ ಏರಿತು. ಕಾಂಗೋ ಕಾಡಿನ ಬಳ್ಳಿಗಳಲ್ಲಿ ರಬ್ಬರಿನ ಹಾಲಿತ್ತು. ಅದನ್ನು ತರಿಸುವ ಉಪಾಯ ಬಲು ಸರಳ: ಹಳ್ಳಿಯ ಹೆಂಗಸರನ್ನು ಒತ್ತೆಯಿರಿಸಿಕೊಂಡು ಗಂಡಸರನ್ನು ಕಾಡಿಗಟ್ಟುವುದು. ಗೊತ್ತುಪಡಿಸಿದ ತೂಕ ತಪ್ಪಿದರೆ ನೀರ್ಗುದುರೆಯ ಚರ್ಮದ ಚಾವಟಿ, ಇಲ್ಲವೆ ಗುಂಡು. ತೋಟಾಗಳನ್ನು ವ್ಯರ್ಥಗೊಳಿಸಿಲ್ಲವೆಂಬುದಕ್ಕೆ ಸಿಪಾಯಿಗಳು ಸತ್ತವರ ಬಲಗೈಗಳನ್ನು ತಂದೊಪ್ಪಿಸಬೇಕು. ಲೆಕ್ಕ ತುಂಬಲು ಬದುಕಿದ್ದವರ ಕೈಗಳೂ ಹೋದುವು. ಉಳುವವರಿಲ್ಲದೆ ಹೊಲಗಳು ಪಾಳುಬಿದ್ದು, ಹಸಿವು ರೋಗಗಳು ಅಸಂಖ್ಯ ಮಂದಿಯನ್ನು ನುಂಗಿದುವು.

ಗುಟ್ಟು ಬಯಲಾದದ್ದು ಹಡಗಿನ ಲೆಕ್ಕದಿಂದ. ಆಂಟ್‌ವರ್ಪ್ ಬಂದರಿನಲ್ಲಿ ಹಡಗು ಕಂಪೆನಿಯ ಗುಮಾಸ್ತ ಮೊರೆಲ್ ಗಮನಿಸಿದನು: ಬರುವ ಹಡಗಿನಲ್ಲಿ ರಬ್ಬರು, ದಂತ, ಹೋಗುವ ಹಡಗಿನಲ್ಲಿ ಬಹುಮಟ್ಟಿಗೆ ಬಂದೂಕು, ಮದ್ದುಗುಂಡು. ಇದು ವ್ಯಾಪಾರವಾದರೆ ವಿನಿಮಯದ ಸರಕೆಲ್ಲಿ? ಬ್ರಿಟಿಷ್ ಕಾನ್ಸಲ್ ಕೇಸ್‌ಮೆಂಟನ 1904ರ ವರದಿ ಆ ಪ್ರಶ್ನೆಗೆ ಉತ್ತರವಿತ್ತಿತು.

1908ರಲ್ಲಿ ದೊರೆ ಕಾಂಗೋವನ್ನು ಬೆಲ್ಜಿಯಮಿಗೆ ಬಿಟ್ಟುಕೊಟ್ಟಾಗ, ಅವನ ‘ತ್ಯಾಗ’ಕ್ಕೆ ಕೃತಜ್ಞತೆಯೆಂದು 5 ಕೋಟಿ ಫ್ರಾಂಕುಗಳನ್ನು ಗೊತ್ತುಮಾಡಲಾಯಿತು.