ಬೇರ್ಪಡುವಾಗ ಯಾರದ್ದು ಯಾರಿಗೆ?



ವಿಚ್ಛೇದನದ ಮಾತುಕತೆಗೆ ಹಿರಿಯರು ಕೂತಾಗ ಎರಡು ಮಾತು ಕೇಳಿಬರುತ್ತವೆ. ‘ಇರುವುದನ್ನೆಲ್ಲ ಅರ್ಧರ್ಧ ಮಾಡಿ’ ಎನ್ನುವುದು ಒಂದು. ‘ಅವಳಾಗಿಯೇ ಹೋಗುತ್ತಿದ್ದಾಳೆ, ಅವಳಿಗೇನೂ ಇಲ್ಲ’ ಎನ್ನುವುದು ಇನ್ನೊಂದು. ಎರಡೂ ಶರೀಅತ್‌ನ ಮಾತಲ್ಲ.

ನಿಕಾಹ್‌ನಿಂದ ಇಬ್ಬರ ಸೊತ್ತು ಒಂದಾಗುವುದಿಲ್ಲ. ಪುರುಷರ ಗಳಿಕೆಯ ಪಾಲು ಪುರುಷರಿಗೆ, ಸ್ತ್ರೀಯರ ಗಳಿಕೆಯ ಪಾಲು ಸ್ತ್ರೀಯರಿಗೆ ಎಂಬುದು ಪವಿತ್ರ ಕುರ್‌ಆನ್‌ನ (4:32) ಬೋಧನೆ. ಆದ್ದರಿಂದ ಬೇರ್ಪಡುವಾಗ ಅವರವರದ್ದನ್ನು ಅವರವರಿಗೆ ಮುಟ್ಟಿಸಬೇಕು.

ಮೊದಲನೆಯದು ಮಹ್ರ್. ಬಾಕಿ ಉಳಿದ ಮಹ್ರ್ ಪತಿಯ ಮೇಲಿನ ಸಾಲ. ಅವನು ತೀರಿಕೊಂಡರೂ ಪಾಲು ಹಂಚುವ ಮೊದಲೇ ಅದನ್ನು ತೀರಿಸಬೇಕು. ರಾಶಿ ಸಂಪತ್ತನ್ನೇ ಕೊಟ್ಟಿದ್ದರೂ ಅದರಿಂದ ಏನನ್ನೂ ಹಿಂದೆ ಪಡೆಯಬಾರದೆಂದು ಕುರ್‌ಆನ್ (4:20) ಎಚ್ಚರಿಸುತ್ತದೆ.

ಎರಡನೆಯದು ಚಿನ್ನ ಮತ್ತು ಸಾಮಾನು. ತವರಿನವರು ಹೆಣ್ಣಿಗೆ ಕೊಟ್ಟದ್ದು ಅವಳದ್ದು. ಪತಿ ಉಡುಗೊರೆಯಾಗಿ ಕೊಟ್ಟು ಅವಳ ಕೈಸೇರಿದ್ದನ್ನು ಮರಳಿ ಕೇಳುವ ಹಕ್ಕು ಹನಫಿ, ಶಾಫಿಈ ಎರಡೂ ಮದ್ಹಬ್‌ಗಳಲ್ಲಿ ಅವನಿಗಿಲ್ಲ. ತೊಡಲು ಮಾತ್ರ ಕೊಟ್ಟದ್ದೆಂದು ಆಗಲೇ ಹೇಳಿದ್ದರೆ ಆ ಮಾತು ಬೇರೆ. ನಮ್ಮ ದೇಶದ 1986ರ ಮುಸ್ಲಿಂ ಮಹಿಳೆಯರ ಕಾಯ್ದೆಯ 3ನೇ ಸೆಕ್ಷನ್ ಕೂಡ ಮಹ್ರ್, ಮದುವೆಯ ಮೊದಲು ಮತ್ತು ನಂತರ ಬಂಧುಗಳು, ಪತಿ ಅಥವಾ ಅವನ ಮನೆಯವರು ಅವಳಿಗೆ ಕೊಟ್ಟ ಸೊತ್ತು, ಇವೆಲ್ಲ ಅವಳಿಗೇ ಸೇರಬೇಕೆನ್ನುತ್ತದೆ. ಅವಳ ಮುಂದಿನ ಬದುಕಿಗೆ ನ್ಯಾಯಯುತ ಏರ್ಪಾಡನ್ನೂ ಇದ್ದತ್ ಮುಗಿಯುವುದರೊಳಗೆ ಮಾಡಬೇಕು. ಈ ಏರ್ಪಾಡು ಇದ್ದತ್‌ನ ದಿನಗಳ ಖರ್ಚಿಗಷ್ಟೇ ಸೀಮಿತವಲ್ಲವೆಂದು ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ನೀಡಿದೆ.

ಪತ್ನಿ ಖುಲಾ ಕೇಳಿದರೆ? ಸಾಬಿತ್ ಬಿನ್ ಕೈಸ್‌(ರ)ರ ಪತ್ನಿ ಬಿಡುಗಡೆ ಬಯಸಿದಾಗ ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸಿದರು. ಖುಲಾದಲ್ಲಿ ಒಪ್ಪಿಕೊಂಡಷ್ಟನ್ನು ಬಿಟ್ಟುಕೊಡಬೇಕು. ಅವಳ ತವರಿನ ಚಿನ್ನ, ದುಡಿದ ಹಣ ಅದರಿಂದ ಪತಿಯದ್ದಾಗುವುದಿಲ್ಲ.

ಇನ್ನು ಸಾಲ. ಪಡೆದವನೇ ತೀರಿಸಬೇಕೆಂಬುದು ನಿಯಮ. ಪತಿಯ ವ್ಯಾಪಾರದ ಸಾಲ ಪತ್ನಿಯ ತಲೆಗೆ ಬಾರದು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಪತಿಯ ಆಟೋಗಾಗಿ ಪತ್ನಿ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದಿರುತ್ತಾಳೆ. ಅವಳ ಬಳೆಗಳು ಅವನ ಅಂಗಡಿಗಾಗಿ ಅಡವಿನಲ್ಲಿರುತ್ತವೆ. ಸಂಘದ ಪುಸ್ತಕದಲ್ಲಿ ಅವಳ ಹೆಸರಿದ್ದರೂ, ಅವನು ತೀರಿಸುವೆನೆಂದು ಪಡೆದ ಹಣ ಅವಳಿಗೆ ಅವನು ಕೊಡಬೇಕಾದ ಸಾಲವೇ. ಅಡವಿಟ್ಟ ಬಳೆಗಳನ್ನು ಬಿಡಿಸಿಕೊಡುವುದೂ ಅವನ ಹೊಣೆ. ಇಬ್ಬರೂ ಸಹಿ ಹಾಕಿದ ಸಾಲಕ್ಕೆ ಮಾತ್ರ ತಲಾಕ್‌ನ ನಂತರವೂ ಬ್ಯಾಂಕ್ ಇಬ್ಬರನ್ನೂ ಕೇಳುತ್ತದೆ. ಆದ್ದರಿಂದ ಕಂತು ಯಾರು ಕಟ್ಟುವುದೆಂದು ಬೇರ್ಪಡುವ ಮೊದಲೇ ತೀರ್ಮಾನವಾಗಲಿ.

ಮನೆ ಕಟ್ಟಲು ಪತ್ನಿ ಕೊಟ್ಟ ಹಣ ಉಡುಗೊರೆಯೇ, ಸಾಲವೇ, ಪಾಲೇ? ಜಗಳವೆಲ್ಲ ಇಲ್ಲೇ. ಸಾಲದ ವ್ಯವಹಾರವನ್ನು ಬರೆದಿಡಿರೆಂದು ಕುರ್‌ಆನ್ (2:282) ಆದೇಶಿಸಿದೆ. ಪತಿ ಪತ್ನಿಯರಿಗೆ ಅದರಿಂದ ವಿನಾಯಿತಿಯಿಲ್ಲ. ಪ್ರೀತಿಯಿರುವಾಗ ಬರೆದ ಒಂದು ಹಾಳೆ ಮುನಿಸಿನ ದಿನದಲ್ಲಿ ಇಬ್ಬರನ್ನೂ ಅನ್ಯಾಯದಿಂದ ಕಾಯುತ್ತದೆ.

ಸಾಲ ಉಳಿಸಿ ತೀರಿಕೊಂಡವರೊಬ್ಬರ ಜನಾಝ ನಮಾಝ್‌ಗೆ ಪ್ರವಾದಿ(ಸ) ನಿಲ್ಲಲಿಲ್ಲ. ಅಬೂ ಕತಾದಃ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಿಂತರು. ಮಹ್ರ್ ಉಳಿಸಿಕೊಂಡವರೂ ಅಡವಿನ ಚೀಟಿ ಮರೆತವರೂ ಇದನ್ನು ನೆನಪಿಡಬೇಕು.

ಪರರ ಹಕ್ಕಿನ ಹೊರೆಯಿಲ್ಲದೆ ತನ್ನನ್ನು ಭೇಟಿಯಾಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.