ಇಬ್ಬರು ಸಾಕ್ಷಿಗಳ ಮದುವೆ

ಕಳೆದ ವರ್ಷ ನಮ್ಮ ಐಚ್ಛಿಕ ಇಂಗ್ಲಿಷ್ ತರಗತಿಯಲ್ಲಿ ಜೇನ್ ಆಸ್ಟಿನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ಪಾಠ ನಡೆಯುತ್ತಿದ್ದಿತು. ಬೆನೆಟ್ ಮನೆತನದ ಕಿರಿಯ ಮಗಳು ಲಿಡಿಯಾ, ತಾನು ಗ್ರೆಟ್ನಾ ಗ್ರೀನಿಗೆ ಹೋಗುತ್ತಿರುವುದಾಗಿ ಗೆಳತಿಗೆ ಚೀಟಿ ಬರೆದಿಟ್ಟು ಸೈನ್ಯದ ಅಧಿಕಾರಿಯೊಬ್ಬನೊಡನೆ ಹೊರಟುಹೋಗುವ ಪ್ರಸಂಗ ಬಂದಿತು. ಆ ಊರು ಯಾವುದೆಂದು ಯಾರೋ ಕೇಳಿದರು. "ಓಡಿಹೋದವರು ಮದುವೆಯಾಗುತ್ತಿದ್ದ ಊರು" ಎಂದು ಗುರುಗಳು ಹೇಳಿದೊಡನೆ ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಬೀದಿಯಲ್ಲಿ ಆ ಮಾತನ್ನು ಒಂದು ಮನೆಯ ಬಗ್ಗೆ ಒಮ್ಮೆ ಆಡಿಬಿಟ್ಟರೆ, ಆ ಮನೆಯ ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಕ್ಕುವುದು ಕಷ್ಟ. ಹೀಗಿರುವಲ್ಲಿ ಒಂದು ದೇಶದಲ್ಲಿ ಅದೇ ಮಾತು ಇಂದು ಮಾನದ ಮಾತಾಗಿರುವುದು ಹೇಗೆಂಬ ಕುತೂಹಲ ನನ್ನಲ್ಲಿ ಹುಟ್ಟಿತು. ಅದರ ಫಲವೇ ಈ ಲೇಖನ.

ಮೊದಲು ಸ್ವಲ್ಪ ಚರಿತ್ರೆ. ೧೭೫೩ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಲಾರ್ಡ್ ಹಾರ್ಡ್‌ವಿಕ್‌ನ ಹೆಸರಿನಿಂದ ಪ್ರಸಿದ್ಧವಾದ ವಿವಾಹದ ಕಾಯಿದೆಯನ್ನು ಮಾಡಿತು. ಮರುವರ್ಷ ಅದು ಜಾರಿಗೆ ಬಂದಿತು. ಅದರಂತೆ ಮದುವೆ ಇಗರ್ಜಿಯಲ್ಲಿಯೇ ನಡೆಯಬೇಕು. ಮುಂಚಿತವಾಗಿ ಸಾರಬೇಕು, ಇಲ್ಲವೆ ಅನುಮತಿ ಪತ್ರ ಪಡೆಯಬೇಕು. ಅನುಮತಿ ಪತ್ರದಿಂದ ಮದುವೆಯಾಗುವವರು ೨೧ ವರ್ಷಕ್ಕೆ ಕಡಿಮೆಯವರಾದರೆ ತಂದೆ ತಾಯಿಗಳ ಒಪ್ಪಿಗೆಯೂ ಬೇಕು. ಆದರೆ ಈ ಕಾಯಿದೆ ಸ್ಕಾಟ್ಲೆಂಡಿಗೆ ಅನ್ವಯಿಸಲಿಲ್ಲ. ಅಲ್ಲಿ ಗಂಡು ಹೆಣ್ಣು ತಾವಿಬ್ಬರೂ ದಂಪತಿಗಳೆಂದು ಒಪ್ಪಿ ನುಡಿದರೆ ಅದೇ ಮದುವೆ. ಆದುದರಿಂದ ಇಂಗ್ಲೆಂಡಿನ ಪ್ರೇಮಿಗಳು ಕುದುರೆಗಾಡಿಯೇರಿ ಉತ್ತರಕ್ಕೆ ಧಾವಿಸಿ, ಗಡಿ ದಾಟಿದೊಡನೆ ಸಿಕ್ಕುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಯಲ್ಲಿ ಮದುವೆಯಾಗತೊಡಗಿದರು. ಅಲ್ಲಿಯ ಕಮ್ಮಾರನ ಅಡಿಗಲ್ಲು ಇದರಿಂದಲೇ ಜಗತ್ಪ್ರಸಿದ್ಧವಾಯಿತು. ಇಬ್ಬರಲ್ಲಿ ಒಬ್ಬರಾದರೂ ೨೧ ದಿನ ಸ್ಕಾಟ್ಲೆಂಡಿನಲ್ಲಿ ವಾಸವಿದ್ದಿರಬೇಕೆಂದು ೧೮೫೬ರಲ್ಲಿ ಕಟ್ಟುಮಾಡಿದರು. ಬರಿಯ ನುಡಿಯಿಂದಾಗುವ ಮದುವೆ ೧೯೪೦ರಲ್ಲಿ ರದ್ದಾಯಿತು.

ಹೀಗೆ 'ಓಡಿಹೋಗುವುದು' ಎಂಬ ಮಾತಿನ ಹಿಂದೆ ಅಲ್ಲಿಯೂ ಅವಸರ, ಭಯ, ಗುಟ್ಟು ಇದ್ದೇ ಇದ್ದವು. ಈಗ ಮಾತು ಉಳಿದಿದೆ, ಅರ್ಥ ಬೇರೆಯಾಗಿದೆ. ವಧೂವರರು ಇಬ್ಬರೇ, ಅಥವಾ ಅತಿ ಹತ್ತಿರದ ನಾಲ್ಕಾರು ಮಂದಿಯೊಡನೆ, ಬೆಟ್ಟವೋ ಕಣಿವೆಯೋ ಕಡಲ ದಂಡೆಯೋ ಒಂದನ್ನು ಆರಿಸಿಕೊಂಡು, ಆಡಂಬರವಿಲ್ಲದೆ ಮದುವೆಯಾಗುವುದಕ್ಕೆ ಇಂದು ಆ ಹೆಸರು. ಇದಕ್ಕಾಗಿ ದೇಶದೇಶಗಳ ಜನ ಬರುವ ಸ್ಥಳವೆಂದರೆ ಸ್ಕಾಟ್ಲೆಂಡಿನ ಉತ್ತರದ ಮಲೆನಾಡಾದ ಹೈಲ್ಯಾಂಡ್ಸ್. ಅದರಲ್ಲಿಯೂ ಗ್ಲೆನ್‌ಕೋ ಕಣಿವೆ ಮತ್ತು ಸ್ಕೈ ದ್ವೀಪ.

ಗ್ಲೆನ್‌ಕೋ ಕಣಿವೆಯ ಬಾಗಿಲಿನಲ್ಲಿ ೧,೦೦೦ ಮೀಟರಿಗೂ ಮಿಗಿಲಾದ ಒಂದು ಕಲ್ಲುಬೆಟ್ಟ ನಿಂತಿದೆ. ಗೇಲಿಕ್ ಭಾಷೆಯಲ್ಲಿ ಅದರ ಹೆಸರಿಗೆ 'ಎಟಿವ್ ಕಣಿವೆಯ ದೊಡ್ಡ ದನಗಾಹಿ' ಎಂದು ಅರ್ಥ. ದನ ಮೇಯಿಸುತ್ತ ಬೆಳೆದ ನನ್ನಂಥವಳಿಗೆ ಈ ಹೆಸರು ಪರದೇಶದ್ದೆಂದು ಅನಿಸಲೇ ಇಲ್ಲ. ಹತ್ತಿರದಲ್ಲಿಯೇ ಬ್ರಿಟನ್ನಿನ ಅತ್ಯುನ್ನತ ಶಿಖರವಾದ ಬೆನ್ ನೆವಿಸ್ ಇದೆ; ಅದರ ಎತ್ತರ ೧,೩೪೫ ಮೀಟರು. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಬಹು ಎತ್ತರ. ಆದರೆ ಎತ್ತರವೊಂದರಿಂದಲೇ ಬೆಟ್ಟದ ಕಾಠಿಣ್ಯವನ್ನು ಅಳೆಯಲಾಗದು. ಆ ನಾಡು ಧ್ರುವದ ಕಡೆಗೆ ಬಹುದೂರ ಸರಿದಿರುವುದರಿಂದ ಅಲ್ಲಿಯ ತುದಿಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತವೆ.

ಇನ್ನು ಇಂಥ ಮದುವೆಗೆ ಸಿದ್ಧತೆ ಹೇಗೆಂಬುದನ್ನು ನೋಡೋಣ. ಮೊದಲನೆಯದು ಕಾನೂನು. ಸ್ಕಾಟ್ಲೆಂಡಿನಲ್ಲಿ ಈಗ ನಡೆಯುತ್ತಿರುವುದು ೧೯೭೭ರ ವಿವಾಹ ಕಾಯಿದೆ. ವಧೂವರರು ಪ್ರತ್ಯೇಕವಾಗಿ ಎಂ ೧೦ ಎಂಬ ನಮೂನೆಯನ್ನು ತುಂಬಿ, ಜನನ ಪತ್ರ ಮೊದಲಾದ ದಾಖಲೆಗಳೊಡನೆ, ಮದುವೆ ನಡೆಯುವ ಪ್ರದೇಶದ ರಿಜಿಸ್ಟ್ರಾರರಿಗೆ ಕೊಡಬೇಕು. ಮದುವೆಯ ದಿನಕ್ಕೆ ಮೂರು ತಿಂಗಳಿಗಿಂತ ಮುಂಚೆ ಕೊಡುವಂತಿಲ್ಲ; ೨೯ ದಿನಕ್ಕಿಂತ ತಡಮಾಡುವಂತಿಲ್ಲ. ಹತ್ತು ಹನ್ನೆರಡು ವಾರ ಮೊದಲೇ ಕೊಡುವುದು ಒಳ್ಳೆಯದೆಂದು ಅಲ್ಲಿಯ ಅಧಿಕಾರಿಗಳೇ ಹೇಳುತ್ತಾರೆ. ನಮ್ಮ ದೇಶದಿಂದ ಮದುವೆಗೆಂದೇ ಹೋಗಿಬರುವವರು ಅದಕ್ಕಾಗಿಯೇ ಇರುವ ಪ್ರತ್ಯೇಕ ವೀಸಾ ಪಡೆಯಬೇಕು. ಎಲ್ಲವೂ ಸರಿಯಾಗಿದ್ದರೆ ರಿಜಿಸ್ಟ್ರಾರರು ವಿವಾಹಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಅದರಲ್ಲಿ ದಿನವೂ ಸ್ಥಳವೂ ನಮೂದಾಗಿರುತ್ತವೆ.

ಮದುವೆ ಮಾಡಿಸುವವರಿಗೆ ಕಾನೂನಿನ ಅಧಿಕಾರವಿರಬೇಕು. ಪಾದ್ರಿಗಳಾಗಬಹುದು, ರಿಜಿಸ್ಟ್ರಾರರಾಗಬಹುದು, ೨೦೦೫ರಿಂದೀಚೆಗೆ ದೇವರ ಹೆಸರನ್ನೆತ್ತದೆ ಮದುವೆ ಮಾಡಿಸುವ ಮಾನವತಾವಾದಿ ಸಂಘಗಳವರೂ ಆಗಬಹುದು. ಪಾದ್ರಿಗಳಿಗೆ ಅಲ್ಲಿ ಸ್ಥಳದ ಕಟ್ಟು ಇರಲಿಲ್ಲ, ರಿಜಿಸ್ಟ್ರಾರರಿಗೆ ಇದ್ದಿತು. ೨೦೦೨ರ ಕಾಯಿದೆ ಒಪ್ಪಿಗೆ ಪಡೆದ ಸ್ಥಳಗಳಿಗೆ ಅವರು ಬರಲು ಅವಕಾಶ ಕೊಟ್ಟಿತು. ೨೦೧೪ರ ಕಾಯಿದೆಯಿಂದ, ಧಾರ್ಮಿಕ ಸ್ಥಳವೊಂದನ್ನು ಬಿಟ್ಟು ಎರಡು ಕಡೆಯವರೂ ಒಪ್ಪಿದ ಎಲ್ಲಿಯಾದರೂ ಅವರು ಮದುವೆ ಮಾಡಿಸಬಹುದಾಗಿದೆ. ಇವೆಲ್ಲಕ್ಕೂ ಜೊತೆಗೆ ಬೇಕಾದವರು ಹದಿನಾರು ತುಂಬಿದ ಇಬ್ಬರು ಸಾಕ್ಷಿಗಳು. ಸಾವಿರ ಜನರ ಚಪ್ಪರಕ್ಕೂ ಇಬ್ಬರೇ; ಬೆಟ್ಟದ ಮದುವೆಗೂ ಇಬ್ಬರೇ. ಇಷ್ಟು ಜನ ಸೇರಿದರೆ ಕಾನೂನಿನ ಕಣ್ಣಿಗೆ ಮದುವೆ ಪೂರ್ಣ.

ಎರಡನೆಯದು ಕಾಲ ಮತ್ತು ಹವೆ. ಜೂನ್ ಕೊನೆಯಲ್ಲಿ ಅಲ್ಲಿ ಹಗಲು ಹದಿನೇಳು ಗಂಟೆಗೂ ಹೆಚ್ಚು. ಡಿಸೆಂಬರಿನಲ್ಲಿ ಏಳು ಗಂಟೆ ಮಾತ್ರ. ಚಳಿಗಾಲದಲ್ಲಿ ನಡುಹಗಲಿಗೆ ಮುಹೂರ್ತವಿಟ್ಟು ಒಂದು ಗಂಟೆ ತಡವಾದರೆ, ಇಳಿದು ಬರುವ ದಾರಿಯಲ್ಲೇ ಕತ್ತಲಾದೀತು. ಬೇಸಗೆಯೇ ಒಳ್ಳೆಯದೆನ್ನೋಣವೆಂದರೆ ಮಿಜ್ ಎಂಬ ಅತಿ ಸಣ್ಣ ಕಚ್ಚುವ ನುಸಿಯ ಕಾಟ. ಮೇ ಕೊನೆಯಿಂದ ಸೆಪ್ಟೆಂಬರಿನವರೆಗೆ, ಗಾಳಿಯಿಲ್ಲದ ತೇವದ ಮುಂಜಾನೆ ಮತ್ತು ಸಂಜೆಗಳಲ್ಲಿ ಇವು ಗುಂಪುಗುಂಪಾಗಿ ಏಳುತ್ತವೆ. ಸ್ವಲ್ಪ ಗಾಳಿ ಬೀಸಿದರೂ ಅವಕ್ಕೆ ಹಾರಲಾಗದು. ಆದುದರಿಂದ ತಿಳಿದವರು ಏಪ್ರಿಲ್ ಮೇ ತಿಂಗಳನ್ನೋ ಸೆಪ್ಟೆಂಬರಿನ ಕೊನೆಯನ್ನೋ ಆರಿಸುತ್ತಾರೆ. ಬೇಸಗೆಯಾದರೆ ಗಾಳಿಯಾಡುವ ದಿಣ್ಣೆಯನ್ನು ಹುಡುಕುತ್ತಾರೆ. ಮಳೆಗಂತೂ ಅಲ್ಲಿ ಋತುವೇ ಇಲ್ಲ. ಅಟ್ಲಾಂಟಿಕ್ ಸಾಗರದ ತೇವದ ಗಾಳಿ ಪಶ್ಚಿಮದ ಬೆಟ್ಟಗಳಿಗೆ ತಾಕಿ ಮೇಲೇರಿ ತಣ್ಣಗಾಗಿ ಮಳೆಗರೆಯುತ್ತದೆ. ನಮ್ಮ ಆಗುಂಬೆಯಲ್ಲಿ ಮುಂಗಾರಿನಲ್ಲಿ ನಡೆಯುವ ಕ್ರಮವೂ ಇದೇ. ವ್ಯತ್ಯಾಸವೆಂದರೆ, ನಮ್ಮಲ್ಲಿ ಮಳೆ ಹೇಳಿ ಬರುತ್ತದೆ, ಅಲ್ಲಿ ಹೇಳದೆ ಬರುತ್ತದೆ. ಅಲ್ಲದೆ ೧೦೦ ಮೀಟರು ಏರಿದಂತೆಲ್ಲ ಉಷ್ಣತೆ ಸುಮಾರು ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚಾಗಿ ಇಳಿಯುತ್ತದೆ. ಬಿರುಗಾಳಿ ಸೇರಿದರೆ ಮದುವೆಯ ತೆಳು ಬಟ್ಟೆಯಲ್ಲಿ ನಿಂತವರ ಗತಿಯೇನು? ಉಣ್ಣೆಯ ಬಟ್ಟೆ, ಮಳೆಗೆ ತಡೆಯುವ ಮೇಲಂಗಿ, ಗಟ್ಟಿ ಅಟ್ಟೆಯ ಬೂಟು ಇಲ್ಲದೆ ಹೊರಡಬಾರದು.

ಇಷ್ಟೆಲ್ಲ ಇರುವುದರಿಂದ ಎರಡನೆಯ ಸ್ಥಳವೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಬೆಟ್ಟದ ಮೇಲೆ ಬಿರುಗಾಳಿಯೆದ್ದರೆ ಕಣಿವೆಯ ಮರಗಳ ಮರೆಯಾದರೂ ಇರಲಿ. ಆದರೆ ಪಟ್ಟಿಯಲ್ಲಿ ಸ್ಥಳ ನಮೂದಾಗಿರುವುದರಿಂದ ಈ ಮಾತನ್ನು ರಿಜಿಸ್ಟ್ರಾರರಿಗೂ ಮದುವೆ ಮಾಡಿಸುವವರಿಗೂ ಮುಂಚಿತವಾಗಿಯೇ ತಿಳಿಸಿರತಕ್ಕದ್ದು. ತುದಿಯನ್ನೇ ಹತ್ತಬೇಕೆಂಬ ಹಟವೂ ಬೇಡ. ರಸ್ತೆಯಿಂದ ಅರ್ಧ ಗಂಟೆ ನಡೆದರೆ ಸಾಕು, ಬೆಟ್ಟವೆಲ್ಲ ಕಣ್ಣ ಮುಂದಿರುತ್ತದೆ. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಊರಿನಲ್ಲಿ ಒಬ್ಬರಿಗೆ ಹೇಳಿಹೋಗಬೇಕು. ಕಣಿವೆಗಳಲ್ಲಿ ದೂರವಾಣಿಯ ಸಂಪರ್ಕ ಸಿಕ್ಕುವುದು ಖಂಡಿತವಲ್ಲ. ಅಪಾಯವಾದರೆ ೯೯೯ಕ್ಕೆ ಕರೆಮಾಡಿ ಪೋಲೀಸರನ್ನು ಕೇಳಿದರೆ ಅವರು ಪರ್ವತರಕ್ಷಣಾ ತಂಡವನ್ನು ಕಳುಹಿಸುತ್ತಾರೆ. ಆ ತಂಡದವರು ಸ್ವಯಂಸೇವಕರು. ಬೇರೊಬ್ಬರ ಸಂತೋಷದ ಅಜಾಗ್ರತೆಗಾಗಿ ಅವರು ನಡುರಾತ್ರಿ ಮನೆ ಬಿಟ್ಟು ಬರಬೇಕಾಗುತ್ತದೆಂಬುದನ್ನು ಮರೆಯಬಾರದು.

ಮೂರನೆಯದು ನೆಲದ ಮರ್ಯಾದೆ. ೨೦೦೩ರ ಭೂಸುಧಾರಣಾ ಕಾಯಿದೆಯಂತೆ ಸ್ಕಾಟ್ಲೆಂಡಿನ ಬೆಟ್ಟ ಬಯಲುಗಳಲ್ಲಿ, ಅವು ಖಾಸಗಿಯವರದಾದರೂ, ಜವಾಬ್ದಾರಿಯಿಂದ ನಡೆದಾಡುವ ಹಕ್ಕು ಎಲ್ಲರಿಗೂ ಉಂಟು. ಆದರೆ ನಡೆದಾಡುವ ಹಕ್ಕು ಬೇರೆ, ಕುರ್ಚಿ ಹಾಕಿ ಕಮಾನು ಕಟ್ಟುವುದು ಬೇರೆ. ಅಂಥದಕ್ಕೆ ಭೂಮಿಯ ಒಡೆಯರನ್ನು ಕೇಳಬೇಕು. ಬಣ್ಣದ ಕಾಗದ ಎರಚಬಾರದು; ತಂದುದನ್ನೆಲ್ಲ ಹಿಂದಕ್ಕೆ ಒಯ್ಯಬೇಕು.

ವಿಧಿಗಳೂ ಸರಳ. ಇಬ್ಬರ ಕೈಗಳನ್ನು ಬಟ್ಟೆಯ ಪಟ್ಟಿಯಿಂದ ಕಟ್ಟುವುದುಂಟು. ಎರಡು ಹಿಡಿಯ ಬಟ್ಟಲಿನಿಂದ ಇಬ್ಬರೂ ಕುಡಿಯುವುದುಂಟು. ಒಂದು ಕಲ್ಲಿನ ಮೇಲೆ ಕೈಯಿಟ್ಟು ಮಾತು ಕೊಡುವುದುಂಟು. ಇದನ್ನೋದಿದಾಗ ನನಗೆ ನಮ್ಮ ಪಾಣಿಗ್ರಹಣವೂ, ಕಲ್ಲಿನಂತೆ ಸ್ಥಿರವಾಗಿರೆಂದು ವಧುವಿನ ಕಾಲನ್ನು ಕಲ್ಲಿನ ಮೇಲಿರಿಸುವ ಅಶ್ಮಾರೋಹಣವೂ ನೆನಪಾದವು.

ನಮ್ಮ ನಾಡಿಗೂ ಸರಳ ಮದುವೆ ಹೊಸದಲ್ಲ. ಕುವೆಂಪು ಅವರು ವರದಕ್ಷಿಣೆ, ಆಡಂಬರಗಳಿಲ್ಲದ ಮಂತ್ರಮಾಂಗಲ್ಯ ಪದ್ಧತಿಯನ್ನು ರೂಪಿಸಿ, ೧೯೬೬ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅದರಂತೆ ನೆರವೇರಿಸಿದರು. ೧೯೫೪ರ ವಿಶೇಷ ವಿವಾಹ ಕಾಯಿದೆಯೂ ಇದೆ. ಅದರಂತೆ ೩೦ ದಿನಗಳ ನೋಟೀಸು, ಮೂವರು ಸಾಕ್ಷಿಗಳು ಬೇಕು. ಮದುವೆ ಅಧಿಕಾರಿಯ ಕಛೇರಿಯಲ್ಲಿಯೇ ಆಗಬೇಕೆಂದಿಲ್ಲ. ಅಲ್ಲಿಂದ ಯುಕ್ತವಾದಷ್ಟು ದೂರದ ಬೇರೆ ಸ್ಥಳದಲ್ಲಿಯೂ ಹೆಚ್ಚಿನ ಶುಲ್ಕ ಕೊಟ್ಟು ಆಗಬಹುದು. ಆದರೆ ಆ ನೋಟೀಸನ್ನು ಕಛೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಜಾತಿ ಬೇರೆಯಾದ ಇಬ್ಬರಿಗೆ ಆ ಮೂವತ್ತು ದಿನಗಳು ಎಷ್ಟು ಉದ್ದವೆಂಬುದನ್ನು ವಾಚಕರು ಊಹಿಸಬಲ್ಲರು. ಪ್ರಾಪ್ತವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ ಅಥವಾ ಕುಲದವರ ಒಪ್ಪಿಗೆ ಬೇಕಿಲ್ಲವೆಂದು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಗಿ ಬಂದಿತು. ಪ್ರಾಣಭಯದಿಂದ ಓಡುವವರಿಗೆ ಬೆಟ್ಟದ ಸೌಂದರ್ಯ ನೋಡುವ ಬಿಡುವೆಲ್ಲಿ? ಆ ಓಟವೇ ಬೇರೆ, ಈ ಮದುವೆಯೇ ಬೇರೆ ಎಂಬುದನ್ನು ಸ್ಪಷ್ಟಪಡಿಸುವುದು ಅವಶ್ಯ.

ಕೊನೆಗೆ ನನ್ನ ಮನೆಯ ಮಾತೊಂದನ್ನು ಹೇಳಲು ಅನುಮತಿ ಬೇಡುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನಾಲ್ಕು ವರ್ಷದ ಹಿಂದೆ ಅಕ್ಕನ ಮದುವೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ; ಪ್ರತಿ ಸುಗ್ಗಿಯಲ್ಲಿಯೂ ರಾಗಿ ಕಣದಿಂದ ಮನೆಗೆ ಬರುವ ಮುನ್ನವೇ ಅದರಲ್ಲೊಂದು ಪಾಲು ಬಡ್ಡಿಗೆಂದು ಮೀಸಲು. ಈಗ ನನ್ನ ಮಾತೂ ಮನೆಯಲ್ಲಿ ಆಗಾಗ ಏಳುತ್ತಿದೆ. ಈ ಲೇಖನದ ವಿಷಯವನ್ನು ತಿಳಿಸಿದಾಗ ಅವ್ವ, "ಓಡಿಹೋಗೋದನ್ನ ಕಾಲೇಜು ಪುಸ್ತಕದಲ್ಲಿ ಬರೀತೀಯೇನೇ?" ಎಂದು ಗದರಿದಳು. ಒಂದು ತಿಂಗಳು ಮುಂಚೆ ಸರಕಾರಕ್ಕೆ ಬರೆದುಕೊಟ್ಟು ಹೋಗುವ ಪದ್ಧತಿಯೆಂದು ನಾನು ವಿವರಿಸಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಹೇಳಿ ಹೋದೋರು ಓಡಿಹೋದಂಗಲ್ಲ ಬಿಡು" ಎಂದರು.

ಆದರೆ ಅವ್ವನ ಇನ್ನೊಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ನಿಮ್ಮಪ್ಪ ಊರ ತುಂಬ ಮುಯ್ಯಿ ಹಾಕವ್ರೆ. ಅದು ನಮ್ಮನೆ ಚಪ್ಪರಕ್ಕಲ್ದೆ ಇನ್ನೆಲ್ಲಿಗೆ ಬಂದಾತು? ಇಬ್ಬರೇ ಸಾಕು ಅಂದ್ರೆ ಯಾರನ್ನ ಕರೀತಿ, ಯಾರನ್ನ ಬಿಡ್ತಿ?" ಎಂದಳು. ಮಾತು ನಿಜ. ನಮ್ಮಲ್ಲಿ ಮದುವೆಯೆಂಬುದು ಬರಿಯ ಖರ್ಚಲ್ಲ, ಊರಿನೊಡನೆ ಇಟ್ಟುಕೊಂಡ ಲೆಕ್ಕವೂ ಹೌದು. ಚಪ್ಪರವನ್ನು ಬಿಟ್ಟವರು ಸಾಲದಿಂದ ಪಾರಾಗಬಹುದು; ಹತ್ತು ಮನೆಯ ಮುಯ್ಯಿಯನ್ನೂ, ಅದರೊಡನೆ ಬರುವ ಕಷ್ಟಕಾಲದ ನೆರವನ್ನೂ ಬಿಟ್ಟುಕೊಡಬೇಕಾಗುತ್ತದೆ. ಸರಳ ಮದುವೆಯನ್ನು ಉಪದೇಶಿಸುವ ನಾವು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಮ್ಮ ಮಾತು ಹಳ್ಳಿಗೆ ತಾಗದು.

ಸ್ಕಾಟ್ಲೆಂಡಿಗೆ ಹೋಗುವ ಯೋಗ ನನಗಿಲ್ಲ, ಅದರ ಆಸೆಯೂ ಇಲ್ಲ. ಆದರೆ ಆ ಪದ್ಧತಿಯಿಂದ ಒಂದು ಪ್ರಶ್ನೆಯನ್ನು ಕಲಿತೆ. ಸಾವಿರ ಜನರನ್ನು ಕರೆಯುವ ಮೊದಲು, ಇವರಿಲ್ಲದೆ ಈ ಮದುವೆ ಆಗದು ಎನ್ನತಕ್ಕ ಇಬ್ಬರು ಯಾರು? ನನ್ನ ಮಟ್ಟಿಗೆ ಆ ಇಬ್ಬರು ಯಾರೆಂಬುದು ಗೊತ್ತಿದೆ. ಅವರನ್ನು ಬಿಟ್ಟು ನಾನು ಯಾವ ಬೆಟ್ಟವನ್ನೂ ಹತ್ತಲಾರೆ. ಅವರ ಮೇಲೆ ಇನ್ನೊಂದು ಸಾಲ ಹೊರಿಸಿ ಚಪ್ಪರದಲ್ಲಿ ಕೂರಲೂ ಆರೆ. ಇದನ್ನು ಅವರಿಬ್ಬರಿಗೂ ಹೇಳಿದ್ದೇನೆ. ಮಾತು ಇನ್ನೂ ನಡೆಯುತ್ತಿದೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ